ಮಗುವಿನ ಮನಸ್ಸಿನ ಆರೋಗ್ಯ: ಪೋಷಕರಿಗೆ ಪೋಷಕರ ನೆರವು

ಟೊಮೇಟೊ ಎಲೆ ಮುದುಡಿದರೆ ಪಕ್ಕದ ತೋಟದವರನ್ನು ಕೇಳುತ್ತೀರಿ. ಮಗು ಊಟ, ಆಟ, ಶಾಲೆ ಬಿಟ್ಟು ವಾರಗಟ್ಟಲೆ ಮಂಕಾಗಿ ಕುಳಿತರೆ ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತೀರಿ. ಇದು ಸರಿಯಲ್ಲ.

ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಚಿಕಿತ್ಸೆ ದೊರೆಯುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ಮನೋಚೈತನ್ಯ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಆಶಾ ಕಾರ್ಯಕರ್ತೆಯಿಂದ ತಿಳಿಯಿರಿ. 2022ರಿಂದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.

ಔಷಧಿಯೊಂದೇ ಸಾಲದು. ಅದೇ ಕಷ್ಟ ದಾಟಿ ಬಂದ ತಂದೆತಾಯಿಯ ಮಾತಿನಿಂದ ಧೈರ್ಯ ಬರುತ್ತದೆ. ಮಾತ್ರೆ ತಪ್ಪದಂತೆ ಕೊಡುವ, ಶಾಲೆಯವರಿಗೆ ತಿಳಿಹೇಳುವ ಬಗೆಯೂ ಗೊತ್ತಾಗುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ತರಬೇತಿ ಪಡೆದ ಇಂಥ ಪೋಷಕರ ಸೇವೆಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆಯೇ ಹಣ ಕೊಡುತ್ತದೆ. ನಮ್ಮ ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಚಿಕಿತ್ಸೆಗಷ್ಟೇ. ಆದ್ದರಿಂದ ಆಸ್ಪತ್ರೆಯಲ್ಲಿ ಪರಿಚಯವಾದ ನಾಲ್ಕಾರು ಪೋಷಕರು ತಿಂಗಳಿಗೊಮ್ಮೆ ಸೇರಿ ಮಾತನಾಡಿರಿ. ಅಲ್ಲಿ ಕೇಳಿದ್ದನ್ನು ಊರಲ್ಲಿ ಆಡಬಾರದು. ವೈದ್ಯರನ್ನು ಕೇಳದೆ ಔಷಧಿ ಬದಲಿಸಬಾರದು.

ಮಗು ಸಾಯುವ ಮಾತಾಡಿದರೆ ಬೈಯದೆ, ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳೆಗೆ ತಂದ ಕೀಟನಾಶಕವನ್ನು ಸದಾ ಬೀಗ ಹಾಕಿಡಿ.