ಗೀಗೀ ಮೇಳದ ಕೇಳುಗರು: ಸುದ್ದಿಯ ಹರಹು ಮತ್ತು ಅಭಿಪ್ರಾಯದ ರೀತಿ

೧

ಜಾನಪದ ಹಾಡುಗಳನ್ನು ಕುರಿತು ನಮ್ಮಲ್ಲಿ ನಡೆದ ಅಭ್ಯಾಸವು ಬಹುಮಟ್ಟಿಗೆ ಹಾಡಿನ ಪಾಠವನ್ನು ಹಿಡಿದು ಸಾಗಿದೆ. ಹಾಡನ್ನು ಕಟ್ಟಿದವರನ್ನೂ ಹಾಡಿದವರನ್ನೂ ಕುರಿತು ಸಹ ಕೆಲಮಟ್ಟಿಗೆ ಬರೆಯಲಾಗಿದೆ. ಆದರೆ ಅದನ್ನು ಕೇಳಿದವರು ಯಾರು, ಮೇಳದ ಸುದ್ದಿ ಅವರಿಗೆ ಹೇಗೆ ಮುಟ್ಟಿತು, ಕೇಳಿ ಮನೆಗೆ ಮರಳುವಾಗ ಅವರು ತಮ್ಮತಮ್ಮೊಳಗೆ ಏನು ಆಡಿಕೊಂಡರು ಎಂಬ ಪ್ರಶ್ನೆಗಳಿಗೆ ನಮ್ಮ ಬರೆಹಗಳಲ್ಲಿ ದೊರೆಯುವ ಸ್ಥಾನ ಅಲ್ಪವಾದುದು. ಉತ್ತರ ಕರ್ನಾಟಕದ ಗೀಗೀ ಮೇಳವನ್ನು, ಅದರಲ್ಲಿಯೂ ಹರದೇಶಿ-ನಾಗೇಶಿ ವಾದದ ಹಾಡಿಕೆಯನ್ನು, ಕೇಳುಗನ ಕಡೆಯಿಂದ ವಿಚಾರಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ವಿಚಾರಕ್ಕೆ ಕೆಲಗೇರಿಯನ್ನು ನೆಲೆಯಾಗಿ ಇಟ್ಟುಕೊಂಡುದಕ್ಕೆ ಕಾರಣವುಂಟು. ಧಾರವಾಡದ ಪಡುವಲಿಗೆ, ಕರ್ನಾಟಕ ವಿಶ್ವವಿದ್ಯಾಲಯದ ನೆರೆಯಲ್ಲಿ, ಕೆರೆಯ ಮಗ್ಗುಲಿಗೆ ಇರುವ ಊರಿದು. ಇಂದು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಲ್ಲೆಯೊಳಗೆ ಸೇರಿದ್ದರೂ ಹೊಲ-ಗದ್ದೆಗಳ ಬದುಕಿನಿಂದ ಅದು ಪೂರಾ ಬೇರೆಯಾಗಿಲ್ಲ. ಮೇಳದ ಹಾಡಿಕೆಗೆ ಕೆಲಗೇರಿ ಇತರ ಊರುಗಳಿಗಿಂತ ಹೆಚ್ಚು ಹೆಸರಾದುದೆಂದು ನಾವು ಹೇಳುವುದಿಲ್ಲ. ನಗರದ ಕೇಳ್ಮೆಯೂ ಹಳ್ಳಿಯ ಕೇಳ್ಮೆಯೂ ಒಂದರ ಪಕ್ಕದಲ್ಲಿ ಒಂದು ಇರುವ ನೆಲೆಯದು ಎಂಬುದೇ ನಮಗೆ ಮುಖ್ಯ.

ಧಾರವಾಡವೆಂದೊಡನೆ ಹಿಂದುಸ್ತಾನಿ ಸಂಗೀತವು ನೆನಪಿಗೆ ಬರುವುದು ಸಹಜ. ಈ ಊರಿನ ಸುತ್ತಿನ ಮನಸೂರಿನಲ್ಲಿ ಮಲ್ಲಿಕಾರ್ಜುನ ಮನಸೂರರು (೧೯೧೦-೧೯೯೨) ಹುಟ್ಟಿದರು. ಗಂಗೂಬಾಯಿ ಹಾನಗಲ್ಲರು (೧೯೧೩-೨೦೦೯) ಧಾರವಾಡದಲ್ಲಿಯೇ ಹುಟ್ಟಿದರು. ಇವರ ಗಾಯನವನ್ನು ಕೇಳಿ ತೂಗಿ ನೋಡಿದವನಿಗೆ ನಾವು ‘ರಸಿಕ’ನೆಂಬ ಗೌರವದ ಹೆಸರನ್ನು ಕೊಟ್ಟಿದ್ದೇವೆ. ಇಡಿಯ ರಾತ್ರಿ ಜಾತ್ರೆಯ ಬಯಲಲ್ಲಿ ಕುಳಿತು ಗೀಗೀ ಪದವನ್ನು ಕೇಳುವವನನ್ನಾದರೋ ಬರಿದೆ ‘ಮಂದಿ’ ಎನ್ನುತ್ತೇವೆ. ಈ ಎರಡು ಹೆಸರುಗಳ ನಡುವಣ ಅಂತರವು ನ್ಯಾಯವಾದುದೇ ಎಂಬುದನ್ನು ಪರೀಕ್ಷಿಸಬೇಕಾಗಿದೆ.

೨

ಮೊದಲು ಹಾಡಿಕೆಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅವಶ್ಯ. ಗೀಗೀ ಎಂಬ ಹೆಸರು ಹಿಮ್ಮೇಳದವರು ಎತ್ತಿಕೊಳ್ಳುವ ಸೊಲ್ಲಿನಿಂದ ಬಂದುದು. ಮುಮ್ಮೇಳದ ಹಾಡುಗಾರನು ದಪ್ಪನ್ನು ಹಿಡಿದು ಪದವನ್ನು ನಡೆಸುತ್ತಾನೆ. ತುಂತುಣಿ ಮತ್ತು ತಾಳಗಳನ್ನು ಹಿಡಿದವರು ಹಿಂದಿನಿಂದ ಸೊಲ್ಲನ್ನು ಕೂಡಿಸುತ್ತಾರೆ. ವಾದ್ಯಗಳು ಇಷ್ಟೇ. ರಂಗಸಜ್ಜಿಕೆಯ ಅವಶ್ಯಕತೆಯೂ ಇಲ್ಲ.

ವಾದದ ಹಾಡಿಕೆಯಲ್ಲಿ ಎರಡು ಮೇಳಗಳು ಎದುರುಬದುರಾಗಿ ನಿಲ್ಲುತ್ತವೆ. ಹರದೇಶಿಯವರದು ಶಿವನೇ, ಎಂದರೆ ಪುರುಷನೇ ಹಿರಿಯನೆಂಬ ಪಕ್ಷ. ನಾಗೇಶಿಯವರದು ಶಕ್ತಿಯೇ, ಎಂದರೆ ಹೆಣ್ಣೇ ಹಿರಿಯಳೆಂಬ ಪಕ್ಷ. ಮಹಾರಾಷ್ಟ್ರದ ಲಾವಣಿಕಾರರಲ್ಲಿ ತುರಾ ಮತ್ತು ಕಲ್ಗಿ ಎಂದು ನಡೆದುಬಂದ ಭೇದವೂ ಈ ಬಗೆಯದೇ. ಒಂದು ಮೇಳವು ಪದದಲ್ಲಿ ಸವಾಲನ್ನು ಹಾಕಿದರೆ ಇನ್ನೊಂದು ಪದದಲ್ಲಿಯೇ ಜವಾಬು ಕೊಡಬೇಕು. ಜವಾಬಿಗೆ ಪುರಾಣದ ಆಧಾರ ಬೇಕು. ಆಧಾರವು ಸಾಲದಿದ್ದರೆ ಜಾಣ್ಮೆಯಾದರೂ ಬೇಕು. ಬೆಳಗಿನ ಜಾವದವರೆಗೆ ವಾದವನ್ನು ಬೆಳೆಸಿ ಕೊನೆಗೆ ಮಂಗಳದಲ್ಲಿ ಶಿವ-ಶಕ್ತಿಯರ ಭೇದವನ್ನು ಮರೆಯಿಸಿ ಏಳುವುದು ಪದ್ಧತಿ. ಈಚೆಗೆ ನಾಗೇಶಿಯ ಪಕ್ಷವನ್ನು ಹೆಣ್ಣುಮಕ್ಕಳೇ ಹಾಡುವುದು ಸಾಮಾನ್ಯವಾಗಿದ್ದು, ವಾದದ ಮಾತಿಗೆ ಅದರಿಂದ ಹೊಸ ಮೊನಚು ಬಂದಿದೆ.

ಈ ರಚನೆಯಿಂದಲೇ ಒಂದು ಸಂಗತಿಯು ಸ್ಪಷ್ಟವಾಗುವುದು. ಇಲ್ಲಿ ಎರಡು ಮೇಳಗಳಿರುವಂತೆ ಮೂರನೆಯ ಪಕ್ಷವೂ ಇರಲೇಬೇಕು. ಸವಾಲಿಗೆ ಜವಾಬು ಬಂದಿತೋ ಇಲ್ಲವೋ ಎಂಬುದನ್ನು ಹೇಳತಕ್ಕವರು ಬೇಕು. ಆ ಮೂರನೆಯ ಪಕ್ಷವೇ ಕೇಳುಗರು. ಖ್ಯಾಲನ್ನು ಹಾಡುವವನು ಒಬ್ಬನೇ ಕುಳಿತೂ ಹಾಡಬಹುದು. ಹರದೇಶಿ-ನಾಗೇಶಿಯ ವಾದವನ್ನು ಕೇಳುಗರಿಲ್ಲದೆ ನಡೆಸುವುದು ಸಾಕ್ಷಿಯಿಲ್ಲದೆ ಪಂಚಾಯಿತಿ ಮಾಡಿದಂತೆ.

೩

ಇನ್ನು ಸುದ್ದಿಯ ವಿಷಯ. ಇದರಲ್ಲಿ ಎರಡು ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು: ಹಾಡು ಹೊತ್ತು ತಂದ ಸುದ್ದಿಯೊಂದು, ಹಾಡನ್ನು ಕುರಿತ ಸುದ್ದಿಯೊಂದು.

ಮೊದಲನೆಯದಕ್ಕೆ ಉತ್ತಮವಾದ ನಿದರ್ಶನಗಳು ನಮ್ಮಲ್ಲಿಯೇ ಇವೆ. ಮುಂಬಯಿ ಇಲಾಖೆಯ ಅಧಿಕಾರಿಯೂ ಶಾಸನಗಳ ವಿದ್ವಾಂಸನೂ ಆಗಿದ್ದ ಜೆ. ಎಫ್. ಫ್ಲೀಟನು ೧೮೮೫ರಿಂದ ಮುಂದೆ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಈ ಭಾಗದ ಕನ್ನಡ ಲಾವಣಿಗಳನ್ನು ಪ್ರಕಟಿಸಿದನು. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ದಂಗೆ, ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಕಾಯಿದೆಗೆ ಮಣಿಯದೆ ಎದ್ದ ಹಲಗಲಿಯ ಬೇಡರ ಕಾಳಗ, ಬೈಲಹೊಂಗಲದ ಸಂಗ್ಯಾನ ಕೊಲೆ—ಇವು ಅಲ್ಲಿಯ ವಸ್ತುಗಳು. ಓದುಬರೆಹ ಬಾರದ ಜನಕ್ಕೆ ಇಂಥ ಘಟನೆಗಳ ವರ್ತಮಾನವು ಲಾವಣಿಯ ಬಾಯಿಂದ ತಿಳಿಯುತ್ತಿದ್ದಿತು. ಲಾವಣಿಕಾರನು ಬರಿಯ ವಾರ್ತೆಯನ್ನು ಕೊಟ್ಟು ಸುಮ್ಮನಾಗುವವನಲ್ಲ. ಯಾರು ವೀರರು, ಯಾರು ಮೋಸಮಾಡಿದರು ಎಂಬ ತೀರ್ಪನ್ನೂ ಧಾಟಿಯೊಳಗೆ ಸೇರಿಸಿಯೇ ಹಾಡುವನು. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ಗೀಗೀ ಪದವನ್ನು ರಾಷ್ಟ್ರೀಯ ಭಾವನೆಯ ಪ್ರಚಾರಕ್ಕೆ ಬಳಸಿದುದು ಈ ಶಕ್ತಿಯನ್ನು ಅರಿತೇ.

ಎರಡನೆಯದು, ಹಾಡನ್ನು ಕುರಿತ ಸುದ್ದಿ. ಯಾವ ಊರಿನ ಜಾತ್ರೆಗೆ ಯಾವ ಮೇಳಕ್ಕೆ ವೀಳ್ಯ ಹೋಗಿದೆ, ಎದುರು ಮೇಳ ಯಾರದು, ಕಳೆದ ಸಲ ಉಳಿದುಹೋದ ಸವಾಲಿಗೆ ಈ ಸಲ ಜವಾಬು ಬರುವುದೋ—ಇವೆಲ್ಲ ಸಂತೆಯಲ್ಲಿ, ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಚಹದಂಗಡಿಯ ಕಟ್ಟೆಯ ಮೇಲೆ ಒಬ್ಬರಿಂದೊಬ್ಬರಿಗೆ ಮುಟ್ಟುವ ವರ್ತಮಾನಗಳು. ಬೀಗರ ಊರಿಗೆ ಹೋದವನು ಅಲ್ಲಿಯ ಮೇಳದ ಸುದ್ದಿಯನ್ನು ತನ್ನ ಊರಿಗೆ ತರುವನು. ಜಾತ್ರೆಗಳು ತಿಥಿವಾರಗಳನ್ನು ಅನುಸರಿಸಿ ನಡೆಯುವುದರಿಂದ ಮೇಳಗಳ ಸಂಚಾರಕ್ಕೂ ಕೇಳುಗರ ಸಂಚಾರಕ್ಕೂ ಒಂದು ಕ್ರಮ ತಾನಾಗಿ ಒದಗುವುದು.

ಈ ಸುದ್ದಿಗೆ ಪದಗಳ ಅಂಕಿತವೂ ಸಹಾಯವಾಗುತ್ತದೆ. ಲಾವಣಿಯ ಕೊನೆಯ ನುಡಿಯಲ್ಲಿ ಕವಿಯು ತನ್ನ ಊರನ್ನೂ ಗುರುವನ್ನೂ ಹೆಸರಿಸುವುದು ವಾಡಿಕೆ. ಆದುದರಿಂದ ಪದವು ಎಲ್ಲಿಗೆ ಹೋದರೂ ಅದರ ವಿಳಾಸವು ಅದರೊಡನೆ ಹೋಗುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಹೆಸರು ದೂರದೂರದ ಕೇಳುಗರಿಗೆ ಗೊತ್ತಾಗುವುದಕ್ಕೆ ಅಲ್ಲಿಯ ಲಾವಣಿಕಾರರ ಅಂಕಿತವೂ ಕಾರಣವಾಗಿದೆ. ಮುಂದೆ ಅದೇ ಊರಿನ ಗೆಳೆಯರ ಗುಂಪು ‘ಗರತಿಯ ಹಾಡು’ (೧೯೩೧) ಸಂಗ್ರಹವನ್ನೂ, ಲಾವಣಿಗಳ ‘ಜೀವನ ಸಂಗೀತ’ವನ್ನೂ (೧೯೩೩) ಹೊರತಂದಿತು. ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಇವರು ಹೊರಗಿನಿಂದ ಬಂದ ಸಂಶೋಧಕರಾಗಿರಲಿಲ್ಲ. ಆ ಹಾಡುಗಳನ್ನು ಕೇಳಿ ಬೆಳೆದವರಾಗಿದ್ದರು. ಕನ್ನಡ ಜಾನಪದ ಸಂಗ್ರಹದ ಒಂದು ಮುಖ್ಯ ಘಟ್ಟವು ಕೇಳುಗರ ಗೆಳೆತನದಿಂದಲೇ ಆರಂಭವಾಯಿತೆಂದು ಹೇಳಿದರೆ ತಪ್ಪಾಗಲಾರದು.

೪

ಕೇಳುಗರು ಅಭಿಪ್ರಾಯವನ್ನು ತಳೆಯುವ ಬಗೆ ಹೇಗೆ? ಮೇಲುನೋಟಕ್ಕೆ ಅದು ಗದ್ದಲವಾಗಿ ತೋರಬಹುದು. ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ನಾಲ್ಕು ನೆಲೆಗಳು ಕಾಣುತ್ತವೆ.

ಮೊದಲನೆಯದು ಆಧಾರ. ಜವಾಬು ಯಾವ ಪುರಾಣದ್ದು, ಕಥೆಯನ್ನು ತಿರುಚಿ ಹೇಳಿದನೋ ಸರಿಯಾಗಿ ಹೇಳಿದನೋ ಎಂಬ ವಿಚಾರ. ಪುರಾಣ ಪ್ರವಚನಗಳನ್ನು ವರ್ಷವರ್ಷವೂ ಕೇಳಿದ ಹಿರಿಯರು ಇದರಲ್ಲಿ ಪ್ರಮಾಣರು. ಎರಡನೆಯದು ಹೊಂದಿಕೆ. ಕೇಳಿದ ಪ್ರಶ್ನೆಗೇ ಉತ್ತರ ಬಂದಿತೋ, ಅಥವಾ ಹಾಡುಗಾರನು ಮೊದಲೇ ಬಾಯಿಪಾಠ ಮಾಡಿದ ಪದವನ್ನು ಹಾಡಿ ಜಾರಿಕೊಂಡನೋ ಎಂಬ ಪರೀಕ್ಷೆ. ಮೂರನೆಯದು ಧಾಟಿ ಮತ್ತು ಪ್ರಾಸ. ದಪ್ಪಿನ ಏಟಿಗೆ ನುಡಿಯು ಕೂಡಿತೋ, ಸೊಲ್ಲು ಬಿಗಿಯಾಗಿ ಎದ್ದಿತೋ ಎಂಬುದು ಕಿವಿಯ ವಿಷಯ. ನಾಲ್ಕನೆಯದು ಮರ್ಯಾದೆ. ಹೆಣ್ಣು-ಗಂಡಿನ ವಾದವಾದುದರಿಂದ ಮಾತು ಹಗುರಾಗಲು ಇಲ್ಲಿ ಎಡೆ ಬಹಳ. ವಿನೋದವು ಎಲ್ಲಿ ಮುಗಿದು ಅಶ್ಲೀಲವು ಎಲ್ಲಿ ಮೊದಲಾಗುವುದೆಂಬ ಗೆರೆಯನ್ನು ಕೇಳುಗರೇ ಎಳೆಯುತ್ತಾರೆ. ಆ ಗೆರೆಯು ಊರಿಂದೂರಿಗೆ ಬದಲಾಗುವುದೂ ಉಂಟು.

ಈ ಅಭಿಪ್ರಾಯಗಳು ಪ್ರಕಟವಾಗುವ ರೀತಿಗಳೂ ಹಲವು. ನುಡಿಯ ನಡುವೆ ಎದ್ದುಬಂದು ಹಣವನ್ನು ಕಾಣಿಕೆಯಾಗಿ ಕೊಡುವುದು ಮೆಚ್ಚುಗೆ. ಕೊಟ್ಟವನ ಹೆಸರನ್ನು ಹಾಡುಗಾರನು ಎಲ್ಲರೆದುರಿಗೆ ಹೇಳುವುದರಿಂದ ಅದು ಬಹಿರಂಗವಾದ ಅಭಿಪ್ರಾಯವೂ ಆಗುವುದು. ಇನ್ನೊಮ್ಮೆ ಹಾಡೆಂದು ಕೇಳುವುದು ಮತ್ತೊಂದು ಬಗೆ. ಎದ್ದುಹೋಗುವುದು ಎಲ್ಲಕ್ಕಿಂತ ಕಠಿಣವಾದ ವಿಮರ್ಶೆ. ನಿಜವಾದ ತೀರ್ಪಾದರೋ ಮಾರನೆಯ ದಿನ ಹೊಲದಲ್ಲಿ, ಕಟ್ಟೆಯಲ್ಲಿ, ಆಡಿದುದನ್ನು ಮತ್ತೆ ಆಡಿ ತೂಗುವಾಗ ನೆಲೆಗೊಳ್ಳುತ್ತದೆ. ಹರದೇಶಿಯ ಕಡೆಯವನೊಬ್ಬನು, ನಿನ್ನೆ ನಾಗೇಶಿಯವರೇ ಗೆದ್ದರೆಂದು ಒಪ್ಪಿಕೊಂಡನೆಂದರೆ ಆ ಮಾತಿಗೆ ಬೆಲೆ ಹೆಚ್ಚು. ಪಕ್ಷಪಾತವಿದ್ದೂ ನ್ಯಾಯವನ್ನು ಬಿಡದಿರುವ ಈ ಅಭ್ಯಾಸವನ್ನು ವಿಮರ್ಶೆಯೆಂದು ಕರೆಯದೆ ಇನ್ನೇನೆಂದು ಕರೆಯಬೇಕು?

ಇದರಲ್ಲಿ ಹಾಡುಗಾರನ ಬದುಕಿನ ಪ್ರಶ್ನೆಯೂ ಅಡಗಿದೆ. ಮೇಳಕ್ಕೆ ಮುಂದಿನ ಊರಿನ ವೀಳ್ಯ ಬರುವುದು ಹಿಂದಿನ ಊರಿನ ಕೇಳುಗರ ಬಾಯಮಾತಿನಿಂದ. ಆ ಮಾತು ನಿಂತರೆ ಮೇಳವೂ ನಿಲ್ಲುವುದು.

೫

ಯಂತ್ರಸಾಧನಗಳು ಬಂದ ಮೇಲೆ ಈ ವ್ಯವಸ್ಥೆಯಲ್ಲಿ ಮಾರ್ಪಾಡುಗಳಾದವು. ಗ್ರಾಮಫೋನಿನ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳಿಗಿಂತ ತುಸು ಹೆಚ್ಚಿನ ಹಾಡಷ್ಟೇ ಹಿಡಿಯುತ್ತಿದ್ದಿತು. ಅದರಲ್ಲಿ ಪದವು ಹಿಡಿದೀತು, ವಾದವು ಹಿಡಿಯಲಾರದು. ೧೯೫೦ನೆಯ ಜನವರಿ ೮ರಂದು ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಹಳ್ಳಿಯ ಹಾಡುಗಾರರ ಕಂಠವು ಅದರಿಂದ ದೂರದವರೆಗೆ ಮುಟ್ಟಿತೆಂಬುದು ದೊಡ್ಡ ಉಪಕಾರವೇ ಸರಿ. ಆದರೆ ಬಾನುಲಿಯ ಕೋಣೆಯಲ್ಲಿ ಹಾಡುವವನ ಎದುರಿಗೆ ಕೇಳುಗನಿರುವುದಿಲ್ಲ. ಮೆಚ್ಚಿದವನು ಕಾಣಿಕೆ ಕೊಡಲಾರನು, ಮೆಚ್ಚದವನು ಎದ್ದುಹೋದರೆ ಹಾಡುಗಾರನಿಗೆ ತಿಳಿಯದು. ತರುವಾಯ ಧ್ವನಿಸುರುಳಿಗಳು ಬಂದು, ಬೇಕಾದ ಪದವನ್ನು ಬೇಕಾದಾಗ ಕೇಳುವ ಅನುಕೂಲವಾಯಿತು. ಈಗಂತೂ ಕಿಸೆಯೊಳಗಿನ ಮೊಬೈಲಿನಲ್ಲಿ ಮೇಳಗಳ ಹಾಡಿಕೆಯನ್ನು ನೋಡಬಹುದು, ಕೇಳಬಹುದು, ಗೆಳೆಯರಿಗೆ ಕಳಿಸಲೂ ಬಹುದು.

ಈ ಕೊನೆಯ ಸಾಧನದಿಂದ ಕೇಳುಗರ ಮಾತುಕತೆಯು ನಿಂತಿಲ್ಲ. ಊರಿನ ಎಲ್ಲೆಯನ್ನು ದಾಟಿ ಹರಡಿದೆ. ಪುಣೆಯಲ್ಲಿ ದುಡಿಯುವವನೂ ತನ್ನ ಸೀಮೆಯ ಮೇಳದ ಸುದ್ದಿಯನ್ನು ಅಂದೇ ತಿಳಿಯಬಲ್ಲನು. ಆದರೆ ಹಾನಿಯೂ ಒಂದುಂಟು. ಇಡಿಯ ರಾತ್ರಿಯ ವಾದದಿಂದ ಎರಡು ನಿಮಿಷಗಳ ತುಣುಕನ್ನು ಬೇರ್ಪಡಿಸಿದಾಗ ಸವಾಲು ಒಂದು ಕಡೆ, ಜವಾಬು ಇನ್ನೊಂದು ಕಡೆ ಆಗುವುದು. ತುಣುಕಾಗಿ ಸುಲಭವಾಗಿ ಹರಡುವುದು ಮೂದಲಿಕೆಯ ಮಾತೇ ಹೊರತು ಆಧಾರದ ಮಾತಲ್ಲ. ಮೇಲೆ ಹೇಳಿದ ನಾಲ್ಕು ನೆಲೆಗಳಲ್ಲಿ ಆಧಾರ ಮತ್ತು ಹೊಂದಿಕೆಗಳನ್ನು ತುಣುಕಿನಿಂದ ತಿಳಿಯುವಂತಿಲ್ಲ. ಧಾಟಿಯನ್ನು ಅಷ್ಟಿಷ್ಟು ತಿಳಿಯಬಹುದು. ಮರ್ಯಾದೆಯ ಗೆರೆಯನ್ನಾದರೋ ಯಾವ ಊರವರು ಎಳೆಯಬೇಕೆಂಬುದೇ ತಿಳಿಯದು.

ಇಂಥ ಸ್ಥಿತಿಯು ನಮ್ಮೊಬ್ಬರದೇ ಅಲ್ಲ. ಅಮೆರಿಕೆಯ ಹಳ್ಳಿಗಾಡಿನ ಸಂಗೀತವು ದೊಡ್ಡ ವ್ಯಾಪಾರವಾಗಿ ಬೆಳೆದ ಮೇಲೆ, ಅದರ ಹಳೆಯ ಸತ್ವವನ್ನು ಬೇರೆ ದಾರಿಯಿಂದ ಉಳಿಸಿಕೊಳ್ಳಬೇಕೆಂಬ ಹಾಡುಗಾರರೂ ಕೇಳುಗರೂ ಅಲ್ಲಿ ಹುಟ್ಟಿಕೊಂಡರು. ಕಾರ್ಟರ್ ಕುಟುಂಬದವರು ೧೯೩೬ರಲ್ಲಿ ಧ್ವನಿಮುದ್ರಿಸಿದ ಹಾಡೊಂದರ ಹೆಸರಿನ ಮಾತುಗಳನ್ನು ‘ಅಂಕಲ್ ಟುಪೆಲೊ’ ಎಂಬ ತರುಣರ ತಂಡವು ೧೯೯೦ರಲ್ಲಿ ತನ್ನ ಧ್ವನಿಮುದ್ರಿಕೆಗೆ ಇಟ್ಟುಕೊಂಡಿತು. ೧೯೯೫ರಲ್ಲಿ ‘ನೋ ಡಿಪ್ರೆಶನ್’ ಎಂಬ ಅದೇ ಹೆಸರಿನ ಪತ್ರಿಕೆಯೂ ಹೊರಟಿತು. ಹಾಡುಗಾರರ ಸುದ್ದಿಯನ್ನೂ ಅವರ ಕೃತಿಗಳ ಗುಣದೋಷಗಳನ್ನೂ ಅದು ವಿಸ್ತಾರವಾಗಿ ಚರ್ಚಿಸಿತು. ಅಲ್ಲಿಯ ಕೇಳುಗರ ಮಾತು ಅಚ್ಚಾಗಿ ಉಳಿಯಿತು. ನಮ್ಮ ಮೇಳಗಳ ಕೇಳುಗರ ಮಾತು ಬಾಯಲ್ಲಿಯೇ ಉಳಿದು, ಆಡಿದವರೊಡನೆ ಹೋಗುತ್ತಲಿದೆ. ಎರಡೂ ಕಡೆಯ ಭೇದವಿರುವುದು ಇಲ್ಲಿ. ಕೇಳುಗರ ಯೋಗ್ಯತೆಯಲ್ಲಿ ಅಲ್ಲ.

೬

ಹಾಗಾದರೆ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡತಕ್ಕದ್ದೇನು? ಹಾಡಿನ ಪಾಠವನ್ನು ಸಂಗ್ರಹಿಸುವ ಕೆಲಸವು ನಿಲ್ಲಬಾರದು. ಅದರೊಡನೆ ಕೇಳುಗರ ಮಾತಿನ ಸಂಗ್ರಹವೂ ಆರಂಭವಾಗಬೇಕು. ಮೇಳವೊಂದನ್ನು ಧ್ವನಿಮುದ್ರಿಸುವಾಗ ಯಂತ್ರವನ್ನು ಹಾಡುಗಾರನ ಕಡೆಗಷ್ಟೇ ತಿರುಗಿಸದೆ ಸಭೆಯ ಕಡೆಗೂ ತಿರುಗಿಸಬೇಕು. ಯಾವ ನುಡಿಗೆ ಕಾಣಿಕೆ ಬಂದಿತು, ಯಾವ ನುಡಿಗೆ ಜನ ನಕ್ಕರು, ಎಷ್ಟು ಹೊತ್ತಿಗೆ ಎದ್ದರು ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಮಾರನೆಯ ದಿನ ಐದಾರು ಮಂದಿಯನ್ನಾದರೂ—ಗಂಡಸರನ್ನೂ ಹೆಂಗಸರನ್ನೂ, ಎರಡೂ ಪಕ್ಷದವರನ್ನೂ—ಕಂಡು, ಯಾರು ಗೆದ್ದರು, ಹೇಗೆ ಗೆದ್ದರು ಎಂದು ಕೇಳಿ, ಅವರ ಒಪ್ಪಿಗೆಯನ್ನು ಪಡೆದು, ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ನಾವು ತಿದ್ದಿದ ಗ್ರಂಥಭಾಷೆಯಲ್ಲಿ ಬರೆದರೆ ಅಭಿಪ್ರಾಯದ ಅರ್ಧವು ಸೋರಿಹೋಗುವುದು.

ವಿಶ್ವವಿದ್ಯಾಲಯದ ಗುಡ್ಡದಿಂದ ಕೆಲಗೇರಿಗೆ ನಡೆದುಹೋಗಬಹುದಾದಷ್ಟೇ ದೂರ. ದೂರದ ಹಳ್ಳಿಗೆ ಹೋಗಿಯೇ ಜಾನಪದವನ್ನು ಅಭ್ಯಸಿಸಬೇಕೆಂಬ ಭಾವನೆಯು ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈ ಕೆಲಸಕ್ಕೆ ಅಷ್ಟು ದೂರದ ಪಯಣವು ಬೇಕಿಲ್ಲ. ನಗರಕ್ಕೆ ಸೇರಿದ ಇಂಥ ಊರುಗಳಲ್ಲಿ, ನಲವತ್ತು ವರ್ಷಗಳಿಂದ ಮೇಳಗಳನ್ನು ಕೇಳಿದವರಿದ್ದರೆ ಅವರನ್ನು ಮೊದಲು ಹುಡುಕಬೇಕು. ಇಂಥವರು ಹಾಡುಗಾರರಲ್ಲವಾದುದರಿಂದ ಯಾವ ಪಟ್ಟಿಯಲ್ಲಿಯೂ ಅವರ ಹೆಸರು ಬರುವುದಿಲ್ಲ, ಯಾವ ಸನ್ಮಾನವೂ ಅವರಿಗೆ ಸಲ್ಲುವುದಿಲ್ಲ. ಆದರೆ ಯಾವ ಪದವು ನಿಂತಿತು, ಯಾವುದು ಬಿದ್ದಿತು, ಏಕೆ ಬಿದ್ದಿತು ಎಂಬುದನ್ನು ಬಲ್ಲವರು ಅವರೇ. ನಮ್ಮ ಕಪಾಟುಗಳಲ್ಲಿರುವ ಲಾವಣಿಯ ಪಾಠಗಳಿಗೆ ವ್ಯಾಖ್ಯಾನವನ್ನು ಬರೆಯಲು ಹೊರಟವರು ಆ ತಿಳಿವಳಿಕೆಯನ್ನು ಮೊದಲು ಕೇಳಿ ಪಡೆಯುವುದು ಒಳ್ಳೆಯದು. ಅದನ್ನು ಹೇಳಬಲ್ಲವರು ಇರುವಷ್ಟು ಕಾಲ ಮಾತ್ರ ಅದು ದೊರೆಯುತ್ತದೆ.