ಎರಡು ಹಳಿಗಳ ನಡುವಿನ ನಾಡು
ಬಾಗಲಕೋಟೆ–ಕುಡಚಿ ರೈಲು ಮಾರ್ಗದ ನಿಧಾನದ ಹಿಂದೆ

ಉತ್ತರ ಕರ್ನಾಟಕದ ರೈಲ್ವೆ ನಕಾಶೆಯನ್ನು ಒಮ್ಮೆ ಬಿಡಿಸಿ ನೋಡಿ. ಪೂರ್ವಕ್ಕೆ ಗದಗ–ಹೋಟಗಿ ಮಾರ್ಗ, ಅದರ ಮೇಲೆ ಬಾಗಲಕೋಟೆ. ಪಶ್ಚಿಮಕ್ಕೆ ಮೀರಜ್–ಲೋಂಡಾ ಮಾರ್ಗ, ಅದರ ಮೇಲೆ ಕುಡಚಿ. ಎರಡೂ ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹಾಕಿದ ಹಳಿಗಳು. 1876–78ರ ಭೀಕರ ಬರ ಕಂಡ ಮೇಲೆ ಧಾನ್ಯ ಸಾಗಿಸಲು ದಾರಿ ಬೇಕೆನಿಸಿದ್ದು ಅವುಗಳ ಹುಟ್ಟಿಗೆ ಒಂದು ಕಾರಣ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳು ಮಾತ್ರ ಎರಡರ ನಡುವೆ ಉಳಿದುಬಿಟ್ಟವು.

ಈ ಸೀಮೆ ಇಂದು ಬರಡಲ್ಲ. ಕೃಷ್ಣಾ, ಘಟಪ್ರಭಾ ನೀರಿಗೆ ಕಬ್ಬು ಬೆಳೆದು ನಿಂತಿದೆ, ಸಕ್ಕರೆ ಕಾರ್ಖಾನೆಗಳಿವೆ. ಮಹಾಲಿಂಗಪುರದ ಬೆಲ್ಲಕ್ಕೆ ದೂರದವರೆಗೂ ಹೆಸರಿದೆ. ಲೋಕಾಪುರ, ಮುದ್ದಾಪುರದ ಕಡೆ ಸುಣ್ಣದಕಲ್ಲು, ಸಿಮೆಂಟು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು. ನೂಲು ಬರುವುದೂ ಲಾರಿಯಲ್ಲಿ, ಸೀರೆ ಹೋಗುವುದೂ ಲಾರಿಯಲ್ಲಿ.

ಸರದಿ ಬದಲಾದಾಗ

ದೆಹಲಿಯಲ್ಲಿ ಆದ್ಯತೆ ಬದಲಾದಾಗಲೆಲ್ಲ ಹಣ ಹರಿದದ್ದು ಹಳಿ ಇದ್ದ ಕಡೆಗೇ. 1992ರಲ್ಲಿ, ಕರ್ನಾಟಕದವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ, ಮೀಟರ್‌ಗೇಜನ್ನು ಬ್ರಾಡ್‌ಗೇಜ್ ಮಾಡುವ ‘ಯೂನಿಗೇಜ್’ ಯೋಜನೆ ಬಂತು. ರಾಜ್ಯಕ್ಕೆ ಅದರಿಂದ ದೊಡ್ಡ ಉಪಕಾರವಾಯಿತು, ನಿಜ. ಆದರೆ ಹಳಿಯೇ ಇಲ್ಲದ ಊರಿಗೆ ಯಾವ ಗೇಜಾದರೇನು? ಆಮೇಲೆ ಜೋಡಿಹಳಿಯ ಕಾಲ ಬಂತು. 2018ರಲ್ಲಿ ಬ್ರಾಡ್‌ಗೇಜ್ ಮಾರ್ಗಗಳನ್ನೆಲ್ಲ ವಿದ್ಯುದೀಕರಿಸಲು ಕೇಂದ್ರ ಸಂಪುಟ ಒಪ್ಪಿತು.

ಈ ಒಲವಿಗೆ ಕಾರಣವುಂಟು. ಗೇಜ್ ಬದಲಾವಣೆಗೆ ಹೊಸ ಜಮೀನು ಅಷ್ಟಾಗಿ ಬೇಡ, ಜೋಡಿಹಳಿಗೂ ಬಹುಪಾಲು ಇಲಾಖೆಯದೇ ಜಾಗ ಸಾಕು. ಓಡುತ್ತಿರುವ ಮಾರ್ಗಕ್ಕೆ ಹಾಕಿದ ಹಣ ಬೇಗ ಫಲ ಕೊಡುತ್ತದೆ. ಹೊಸ ಮಾರ್ಗವೆಂದರೆ ಗುಂಟೆ ಗುಂಟೆ ಭೂಮಿ ಕೊಳ್ಳಬೇಕು, ಲಾಭಕ್ಕೆ ವರ್ಷಗಟ್ಟಲೆ ಕಾಯಬೇಕು.

142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾದದ್ದು 2010–11ರಲ್ಲಿ. ಷರತ್ತು ಇಷ್ಟು: ವೆಚ್ಚದಲ್ಲಿ ಅರ್ಧ ರಾಜ್ಯದ್ದು, ಭೂಮಿ ಪೂರ್ತಿ ರಾಜ್ಯದ್ದು. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ಸುಮಾರು 30 ಕಿ.ಮೀ. ಮೊದಲು ಮುಗಿಯಿತು. ಅಲ್ಲಿಂದ ಲೋಕಾಪುರದ ಕಡೆ ಕೆಲಸ ಸಾಗಿತು. ಉಳಿದದ್ದೇ ದೊಡ್ಡ ಪಾಲು, ಬೆಲೆಬಾಳುವ ಭೂಮಿ ಇರುವುದೂ ಅಲ್ಲೇ.

ಭೂಮಿಯ ಬೆಲೆ

ಸರ್ಕಾರದ ಹಾದಿ ಕಾಯದೆ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಹೀಗೆ ಬೆವರು ಸುರಿಸಿ ನೀರು ತಂದ ನೆಲ ಅಗ್ಗಕ್ಕೆ ಸಿಗುವುದು ಹೇಗೆ? ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಕಳೆದುಕೊಂಡವರ ಪಾಡನ್ನು ಬಾಗಲಕೋಟೆ, ಬೀಳಗಿಯ ಜನ ಕಣ್ಣಾರೆ ಕಂಡವರು. 2013ರ ಭೂಸ್ವಾಧೀನ ಕಾಯ್ದೆ ಪರಿಹಾರ ಹೆಚ್ಚಿಸಿತು. ಅದು ನ್ಯಾಯ. ತಡವಾದಷ್ಟೂ ರಾಜ್ಯದ ಹೊರೆ ಬೆಳೆಯುವುದೂ ಅಷ್ಟೇ ನಿಜ.

ಬೀಳಗಿಯದು ಬೇರೆ ಲೆಕ್ಕ. ಈ ಮಾರ್ಗ ಬಾಗಲಕೋಟೆಯಿಂದ ಪಶ್ಚಿಮಕ್ಕೆ ತಿರುಗುವುದರಿಂದ ಬೀಳಗಿಗೆ ನಿಲ್ದಾಣ ಬರುವುದಿಲ್ಲ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಅದರ ತಾಲ್ಲೂಕಿನಲ್ಲೇ ಹಾಯುತ್ತದೆ. ಬೀಳಗಿಯವರಿಗೆ ರೈಲಿನ ಲಾಭ ದಕ್ಕಬೇಕಾದರೆ ಬಾಗಲಕೋಟೆ ನಿಲ್ದಾಣ ಪಶ್ಚಿಮದ ಊರುಗಳನ್ನು ಕೂಡಿಸುವ ಜಂಕ್ಷನ್ ಆಗಬೇಕು.

ಕೂಡಿದರೆ ಮಾತ್ರ ದಾರಿ

ಕೊಂಕಣ ರೈಲ್ವೆ ನೆನಪಿಸಿಕೊಳ್ಳಿ. ಬೆಟ್ಟ ಕೊರೆದು, ಹೊಳೆ ದಾಟಿ, ಸುಮಾರು 740 ಕಿ.ಮೀ. ಮಾರ್ಗ 1990ರಿಂದ 1998ರೊಳಗೆ ಮುಗಿಯಿತು. ಅದೊಂದೇ ಕೆಲಸಕ್ಕಾಗಿ ಪ್ರತ್ಯೇಕ ನಿಗಮವಿತ್ತು, ಸಾಲ ಎತ್ತಿ ಹಣ ಹೊಂದಿಸಲಾಗಿತ್ತು. ನಮ್ಮಲ್ಲಿ ಅಂಥ ಬೆಟ್ಟವೂ ಇಲ್ಲ, ಅಂಥ ನಿಗಮವೂ ಇಲ್ಲ.

ಅರ್ಧ ಹಳಿಯಿಂದ ಅರ್ಧ ಲಾಭ ಬರುತ್ತದೆನ್ನುವುದು ತಪ್ಪು ಲೆಕ್ಕ. ಕುಡಚಿ ಮುಟ್ಟಿದರೆ ಮೀರಜ್, ಪುಣೆ, ಮುಂಬಯಿಗೆ ಬಾಗಿಲು ತೆರೆಯುತ್ತದೆ. ಮುಟ್ಟದಿದ್ದರೆ ಅದು ಹೊಲದಲ್ಲಿ ಕೊನೆಗೊಳ್ಳುವ ಕವಲು, ಪ್ರಯಾಣಿಕರು ಕಡಿಮೆ ಎಂಬ ದೂರು ಬೇರೆ. ಭೂಮಿಯನ್ನು ತುಂಡು ತುಂಡಾಗಿ ಕೊಡದೆ ಒಮ್ಮೆಗೇ ಒಪ್ಪಿಸುವುದು, ಕುಡಚಿ ತುದಿಯಿಂದಲೂ ಕೆಲಸ ನಡೆಸುವುದು, ರೈತನ ಪರಿಹಾರ ಮೊದಲು ಕೈಗೆ ಮುಟ್ಟಿಸುವುದು, ಈ ಮೂರನ್ನು ಹಿಡಿದು ಕೇಳಬೇಕಾದವರು ಇಲ್ಲಿನ ಜನ, ಇಲ್ಲಿನ ಪ್ರತಿನಿಧಿಗಳು. ದೆಹಲಿಯ ಆದ್ಯತೆ ಇನ್ನೊಮ್ಮೆ ಬದಲಾಗುವ ಮುನ್ನ.