ರಿಂಡಿಯಾ ಶಾಲಿಗೆ ನ್ಯಾಯಬೆಲೆ ಯಾವುದು?

ರೇಷ್ಮೆಯೆಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಹಿಪ್ಪುನೇರಳೆ ತೋಟ, ರಾಮನಗರದ ಗೂಡಿನ ಮಾರುಕಟ್ಟೆ. ಮೇಘಾಲಯದ ರೀ-ಭೋಯ್ ಜಿಲ್ಲೆಯ ಉಮ್ಡೆನ್ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆಯೆಂದರೆ ಹರಳು ಗಿಡ ಮತ್ತು ಅದರ ಎಲೆ ತಿಂದು ಬೆಳೆಯುವ ಎರಿ ಹುಳು. ಹುಳು ಸಾಕುವುದು, ನೂಲುವುದು, ಬಣ್ಣ ಕಟ್ಟುವುದು, ನೇಯುವುದು ಅಲ್ಲಿ ಬಹುಮಟ್ಟಿಗೆ ಖಾಸಿ ಬುಡಕಟ್ಟಿನ ಮಹಿಳೆಯರ ಕಾಯಕ. ಅವರು ನೇಯುವ ಶಾಲಿನ ಹೆಸರು ರಿಂಡಿಯಾ.

ಎರಿ ಗೂಡಿನ ಒಂದು ತುದಿ ತೆರೆದಿರುತ್ತದೆ. ಆದುದರಿಂದ ಅದರ ಎಳೆಯನ್ನು ನಮ್ಮ ರೇಷ್ಮೆಯಂತೆ ಅಖಂಡವಾಗಿ ಬಿಚ್ಚಲಾಗದು, ಹತ್ತಿಯಂತೆ ನೂಲಬೇಕು. ಪತಂಗ ಹೊರಬಂದ ಮೇಲೂ ಗೂಡು ಕೆಡದ ಕಾರಣ ಪಟ್ಟಣದ ವ್ಯಾಪಾರಿಗಳು ಇದನ್ನು ‘ಅಹಿಂಸಾ ರೇಷ್ಮೆ’ ಎಂದು ಮಾರುತ್ತಾರೆ. ಗೂಡಿನೊಳಗಿನ ಹುಳು ಈಶಾನ್ಯದ ಮನೆಗಳಲ್ಲಿ ಪ್ರಿಯವಾದ ಆಹಾರವೆಂಬುದನ್ನು ಮಾತ್ರ ಹೇಳುವುದಿಲ್ಲ! ನೇಕಾರ್ತಿಯ ಊಟವನ್ನು ಮರೆಮಾಚಿ ಅವಳ ಬಟ್ಟೆಯನ್ನು ಹೊಗಳುವ ಈ ರೀತಿ ನಮಗೆ ಒಪ್ಪಿಗೆಯಿಲ್ಲ.

ಬಣ್ಣ ಕಟ್ಟುವುದು ಇನ್ನೂ ನಿಧಾನದ ಕೆಲಸ. ಕೆಂಪಿಗೆ ಅರಗು, ಹಳದಿಗೆ ಅರಿಶಿನ. ಅರಗನ್ನು ಕುಟ್ಟಿ, ನೆನೆಸಿ, ಸೋಸಿ ರಸ ತೆಗೆಯಬೇಕು. ಬಣ್ಣವು ನೂಲಿಗೆ ಕಚ್ಚಿಕೊಳ್ಳುವಂತೆ ಪಟಕಾರಿಯ ಕೆಲಸ ಮಾಡುವ ಕಾಡುಮರದ ಎಲೆಗಳೂ ಈಶಾನ್ಯದಲ್ಲಿವೆ. ಅವು ಮಣ್ಣಿನ ಅಲ್ಯೂಮಿನಿಯಮನ್ನು ತಮ್ಮೊಳಗೆ ಕೂಡಿಡುತ್ತವೆ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲೆ ಇಂತಹ ವಿದ್ಯೆಗಳು ಲೋಕದೆಲ್ಲೆಡೆ ಹಿಂದೆ ಸರಿದವು. ಪೊಟ್ಟಣದ ಬಣ್ಣಕ್ಕೆ ಕಾಡೂ ಬೇಡ, ಕಾಯುವುದೂ ಬೇಡ.

ಈಗ ಈ ಕಲೆಗೆ ಮತ್ತೆ ಬೇಡಿಕೆ ಬಂದಿದೆ. ನಮ್ಮ ಬೆಂಗಳೂರಿನಲ್ಲೇ ಪ್ರಧಾನ ಕಚೇರಿಯುಳ್ಳ ಕೇಂದ್ರ ರೇಷ್ಮೆ ಮಂಡಳಿಯೂ ಎರಿಗೆ ಉತ್ತೇಜನ ನೀಡುತ್ತಿದೆ. ಆದರೆ ಕಲೆ ಉಳಿದರೆ ಸಾಕೇ, ಕಲೆಗಾರ್ತಿಯೂ ಉಳಿಯಬೇಡವೇ? 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷ ಕೈಮಗ್ಗ ಕಾರ್ಮಿಕರಲ್ಲಿ ಶೇಕಡಾ 72ರಷ್ಟು ಮಹಿಳೆಯರು. ಮೂರರಲ್ಲಿ ಸುಮಾರು ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ.

ವಸ್ತುವನ್ನು ಅದರ ಯೋಗ್ಯತೆಗಿಂತ ಹೆಚ್ಚಿಗೆ ಮಾರುವಂತೆಯೇ ಕಡಿಮೆಗೆ ಕೊಳ್ಳುವುದೂ ಅನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ವಾದಿಸಿದ್ದರು. ಜಗದ್ಗುರು 13ನೆಯ ಲಿಯೋರವರು 1891ರ ತಮ್ಮ ‘ರೇರುಂ ನೊವಾರುಂ’ ಪರಿಪತ್ರದಲ್ಲಿ, ಕಾರ್ಮಿಕನು ತಾನಾಗಿ ಒಪ್ಪಿದ ಮಾತ್ರಕ್ಕೆ ಹೊಟ್ಟೆ ತುಂಬದ ಕೂಲಿ ನ್ಯಾಯವಾಗದು ಎಂದರು. ಮೊದಲನೆಯ ಮಾತು ನೇರವಾಗಿ ಕೊಳ್ಳುವ ನಮ್ಮನ್ನೇ ಕುರಿತದ್ದು. ದೊಡ್ಡ ಬಟ್ಟೆ ಅಂಗಡಿಯಲ್ಲಿ ಚೀಟಿಯ ಬೆಲೆಯನ್ನು ಮರುಮಾತಿಲ್ಲದೆ ತೆರುವ ನಾವು, ಕೈಮಗ್ಗದ ಮೇಳದಲ್ಲಿ ನೇಕಾರ್ತಿಯ ಎದುರು ನಿಂತು ಇನ್ನೂರು ರೂಪಾಯಿಗೆ ಜಗ್ಗಾಡುತ್ತೇವೆ. ಅಲ್ಲಿ ಬಿಡುವ ಆ ಇನ್ನೂರು ಅವಳ ಲಾಭದಿಂದಲ್ಲ, ಬಹುತೇಕ ಅವಳ ದಿನಗೂಲಿಯಿಂದಲೇ ಕಳೆದುಹೋಗುತ್ತದೆ.

ಇನ್ನೊಂದು ಮಾತು. ಒಂದು ಸಲದ ಅರಗಿನ ಕೆಂಪು ಮತ್ತೊಂದು ಸಲಕ್ಕೆ ಬಾರದು. ಎರಡು ಶಾಲುಗಳ ಬಣ್ಣ ಹೊಂದಲಿಲ್ಲವೆಂದು ಯಾರೂ ಹಿಂದಿರುಗಿಸಬಾರದು. ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಆ ಬಣ್ಣ ಬಹುಕಾಲ ಬಾಳುತ್ತದೆ.